ಕಾಗದದಿಂದ ಕಿತ್ತ ಮೊಹರು

ಹಳೆಯ ನಾಣ್ಯ, ಅಂಚೆಚೀಟಿಗಳನ್ನು ಮಾರುವವರ ಮೇಜಿನ ಮೇಲೆ ಒಮ್ಮೊಮ್ಮೆ ಚಿಕ್ಕ ಪ್ಲಾಸ್ಟಿಕ್ ಪೊಟ್ಟಣಗಳು ಕಾಣಿಸುತ್ತವೆ. ಒಳಗೆ ಕೆಂಪು ಇಲ್ಲವೇ ಕಪ್ಪು ಅರಗಿನ ಬಿಲ್ಲೆ. ಅದರ ಮೇಲೆ ಕಿರೀಟವೋ, ಸಿಂಹವೋ, ಹೆಣೆದುಕೊಂಡ ಎರಡು ಇಂಗ್ಲಿಷ್ ಅಕ್ಷರಗಳೋ ಇರುತ್ತವೆ. ಬೆನ್ನಿಗೆ ಹೆಬ್ಬೆರಳಗಲದ ಹಳೆ ಕಾಗದ. ಯಾವುದೋ ಪತ್ರದಿಂದ ಮೊಹರನ್ನಷ್ಟೇ ಸುತ್ತಲೂ ಕತ್ತರಿಸಿ ತೆಗೆದದ್ದು. ‘ಕಂಪನಿ ಕಾಲದ್ದು ಸಾರ್, ಒರಿಜಿನಲ್’ ಎನ್ನುತ್ತಾರೆ. ನಿಜವೇ ಇರಬಹುದು. ಆದರೆ ನಿಜವೆಂದು ತೋರಿಸಿಕೊಡಬಹುದಾಗಿದ್ದ ಸಾಕ್ಷಿಯೆಲ್ಲ ಉಳಿದ ಕಾಗದದ ಮೇಲಿತ್ತು. ಅದು ಕಸದ ಬುಟ್ಟಿಗೆ ಹೋಗಿ ಎಷ್ಟೋ ಕಾಲವಾಗಿರುತ್ತದೆ.

ಹೀಗೆ ಕತ್ತರಿಸುವುದು ಇಂದಿನ ಚಾಳಿಯಲ್ಲ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಲಕೋಟೆಗಳ ಮೇಲಿನ ಮನೆತನದ ಲಾಂಛನಗಳನ್ನು ಕತ್ತರಿಸಿ ಆಲ್ಬಮ್ಮಿಗೆ ಅಂಟಿಸುವುದು ಮಕ್ಕಳಿಗೂ ಹೆಂಗಸರಿಗೂ ಮೆಚ್ಚಿನ ಹವ್ಯಾಸವಾಗಿತ್ತು. ಆ ಆಲ್ಬಮ್ಮುಗಳು ನೋಡಲು ಚೆಂದ. ಆದರೆ ಆ ಚೆಂದಕ್ಕಾಗಿ ಕಳೆದುಹೋದ ಪತ್ರಗಳನ್ನು ನೆನೆದರೆ ಸಂಕಟವಾಗುತ್ತದೆ. ಅರಗಿನ ಮೊಹರನ್ನು ಸಂಗ್ರಹಿಸಬೇಕೆನ್ನುವವರು ಮೊದಲು ತಿಳಿಯಬೇಕಾದ್ದು ಇಷ್ಟೇ: ನಾವು ಸಂಗ್ರಹಿಸುವುದು ಅರಗನ್ನಲ್ಲ, ಮೊಹರು ಹೊತ್ತ ಇಡೀ ಪತ್ರವನ್ನು.

1840ರ ಅಂಚೆ ಸುಧಾರಣೆಗೆ ಮುನ್ನ ಬ್ರಿಟನ್ನಿನಲ್ಲಿ ಪತ್ರದ ದರವನ್ನು ಹಾಳೆಗಳ ಲೆಕ್ಕದಲ್ಲಿ ಹಾಕುತ್ತಿದ್ದರು. ಲಕೋಟೆ ಹಾಕಿದರೆ ಅದೂ ಒಂದು ಹಾಳೆಯೇ, ಅದಕ್ಕೂ ದುಡ್ಡು. ಹಾಗಾಗಿ ಬರೆದ ಹಾಳೆಯನ್ನೇ ಮಡಿಸಿ, ಅಂಚನ್ನು ಒಳಗೆ ತೂರಿಸಿ, ಕೂಡಿದ ಕಡೆ ಬಿಸಿ ಅರಗು ತೊಟ್ಟಿಕ್ಕಿಸಿ, ಹಿತ್ತಾಳೆಯ ಅಚ್ಚನ್ನೋ ಉಂಗುರವನ್ನೋ ಒತ್ತುತ್ತಿದ್ದರು. ಪತ್ರ ಮುಚ್ಚುವುದಕ್ಕೆ ಬೇರೆ ಉಪಾಯಗಳೂ ಇದ್ದವು. ಹಿಟ್ಟಿನ ತೆಳು ಬಿಲ್ಲೆಯನ್ನು ಒದ್ದೆ ಮಾಡಿ ಅಂಟಿಸಿದರೂ ಸಾಕಾಗುತ್ತಿತ್ತು. ಅರಗಿನ ಕೆಲಸ ಬೇರೆ: ನಡುವೆ ಯಾರಾದರೂ ಪತ್ರ ಒಡೆದಿದ್ದರೆ ಅದು ಹೇಳಿಬಿಡಬೇಕು. ಕಲ್ಕತ್ತೆಯಿಂದ ಲಂಡನ್ನಿಗೆ ತಿಂಗಳುಗಟ್ಟಲೆ ಹಡಗಿನಲ್ಲಿ ಸಾಗುವ, ಹತ್ತಾರು ಕೈ ದಾಟುವ ಪತ್ರಕ್ಕೆ ಇದು ಬೇಕೇ ಬೇಕಿತ್ತು. ನಮ್ಮಲ್ಲೂ ಈ ಭಯಕ್ಕೆ ಕಾರಣವಿತ್ತು. ಚಿಕ್ಕದೇವರಾಜ ಒಡೆಯರ್ 17ನೇ ಶತಮಾನದಲ್ಲಿ ಕಟ್ಟಿದ ಮೈಸೂರಿನ ಅಂಚೆ ಪತ್ರ ಒಯ್ಯುವುದರ ಜೊತೆಗೆ ಊರೂರಿನ ಸುದ್ದಿಯನ್ನು ಗುಟ್ಟಾಗಿ ಅರಮನೆಗೆ ಮುಟ್ಟಿಸುವ ಕೆಲಸವನ್ನೂ ಮಾಡುತ್ತಿತ್ತು. ಆ ಅಂಚೆ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾದದ್ದು 1889ರಲ್ಲಿ.

ಮೊಹರಿನ ಅರಗು ನಮ್ಮ ನೆಲದ್ದೇ. ಮುತ್ತುಗ, ಬೋರೆಯಂಥ ಮರಗಳ ಎಳೆಗೊಂಬೆಗಳಿಗೆ ಮುತ್ತಿ ರಸ ಹೀರುವ ಪುಟ್ಟ ಕೀಟಗಳು ತಮ್ಮ ಮೈಸುತ್ತ ಸ್ರವಿಸಿಕೊಳ್ಳುವ ಗೂಡು ಅದು. ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆಯ ಅರಗೂ, ಚನ್ನಪಟ್ಟಣದ ಬೊಂಬೆಗೆ ಬಣ್ಣ ಹಿಡಿಸುವ ಅರಗೂ ಇದೇ. ಯುರೋಪಿನ ಮಧ್ಯಯುಗದ ಮೊಹರುಗಳು ಜೇನುಮೇಣ ಮತ್ತು ರಾಳದವು, ಮೆತ್ತನೆಯವು. ಭಾರತದೊಂದಿಗೆ ಸಮುದ್ರ ವ್ಯಾಪಾರ ಬೆಳೆದ ಮೇಲೆ, 16ನೇ ಶತಮಾನದಿಂದೀಚೆಗೆ, ಅಲ್ಲಿ ಅರಗಿನ ಗಟ್ಟಿ ಕಡ್ಡಿಗಳು ಬಂದವು. ಛೋಟಾ ನಾಗಪುರದ ಕಾಡುಗಳ ಅರಗು ಹಡಗು ಹತ್ತಿ ಹೋಗುತ್ತಿತ್ತು. ಅದರಿಂದ ಒತ್ತಿದ ಮೊಹರು ಹೊತ್ತ ಪತ್ರಗಳು ಇಲ್ಲಿಗೆ ಬರುತ್ತಿದ್ದವು. ಕರ್ನಾಟಕದ ಪಾಲೂ ಈ ಕಥೆಯಲ್ಲಿದೆ. 1937ರಲ್ಲಿ ಮೈಸೂರಿನಲ್ಲಿ ಶುರುವಾದ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಮೊಹರಿನ ಅರಗನ್ನು ತಯಾರಿಸುತ್ತಿತ್ತು. ಮತದಾರರ ಬೆರಳಿಗೆ ಹಚ್ಚುವ ಅಳಿಸದ ಶಾಯಿಯಿಂದ ಇಂದು ದೇಶಕ್ಕೆಲ್ಲ ಗೊತ್ತಿರುವ ಕಾರ್ಖಾನೆ ಇದೇ.

ಒಳ್ಳೆಯ ಕಡ್ಡಿಯಲ್ಲಿ ಅರಗಿನ ಜೊತೆ ವೆನಿಸ್ ಟರ್ಪೆಂಟೈನ್ ಎಂಬ ಮರದ ರಾಳ, ಒಂದಿಷ್ಟು ಸೀಮೆಸುಣ್ಣ, ಕೆಂಪಿಗೆ ಇಂಗಳೀಕ ಇರುತ್ತಿದ್ದವು. ಇಂಗಳೀಕವೆಂದರೆ ಪಾದರಸ ಮತ್ತು ಗಂಧಕದ ಸಂಯುಕ್ತ, ದುಬಾರಿ. ಅಗ್ಗದ ಕಡ್ಡಿಯಲ್ಲಿ ಅರಗು ಕಡಿಮೆ, ರಾಳ ಹೆಚ್ಚು. ಬಣ್ಣಕ್ಕೆ ಸೀಸದ ಸಿಂಧೂರ. ಸಾವಿನ ಸುದ್ದಿಯ ಪತ್ರಕ್ಕೆ, ಸೂತಕದ ಮನೆಯಿಂದ ಹೋಗುವ ಪತ್ರಕ್ಕೆ ಕಪ್ಪು ಅರಗು ಬಳಸುವುದು ಇಂಗ್ಲಿಷರ ಪದ್ಧತಿ. ಈ ಪಾಕದ ವಿವರ ಮುಂದೆ ಅಸಲು ನಕಲಿ ನೋಡುವಾಗ ಉಪಯೋಗಕ್ಕೆ ಬರುತ್ತದೆ.

ಅರಗು ಮತ್ತು ಅಂಚೆ ಇಷ್ಟು ಹತ್ತಿರ ಬಂದ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ ಎನ್ನುವಂಥದ್ದು ಸಿಂಧ್‌ನದು. 1843ರಲ್ಲಿ ಚಾರ್ಲ್ಸ್ ನೇಪಿಯರ್ ಸಿಂಧ್ ಅನ್ನು ಗೆದ್ದು ಕಂಪನಿಗೆ ಸೇರಿಸಿದ. ಮುಂದೆ ಅಲ್ಲಿಗೆ ಕಮಿಷನರ್ ಆಗಿ ಬಂದ ಬಾರ್ಟಲ್ ಫ್ರಿಯರ್, ಓಡುವ ಅಂಚೆಯಾಳುಗಳ ಜಾಗದಲ್ಲಿ ಕುದುರೆ, ಒಂಟೆಗಳನ್ನು ತಂದು ಅಂಚೆಯನ್ನು ಚುರುಕು ಮಾಡಿದ. 1840ರ ಸುಧಾರಣೆ ತಂದ ಇಂಗ್ಲೆಂಡಿನ ಪೆನ್ನಿ ಅಂಚೆಯ ಮಾದರಿ ಕಣ್ಣ ಮುಂದಿತ್ತು. ದೂರ ಎಷ್ಟೇ ಇರಲಿ, ಹಗುರವಾದ ಪತ್ರಕ್ಕೆ ಅರ್ಧ ಆಣೆ ಎಂದು ಗೊತ್ತುಮಾಡಿ, ಕರಾಚಿಯ ಪೋಸ್ಟ್ ಮಾಸ್ಟರ್ ಎಡ್ವರ್ಡ್ ಲೀಸ್ ಕಾಫಿಯ ನೆರವಿನಿಂದ 1852ರ ಜುಲೈ 1ರಂದು ಅಂಚೆಚೀಟಿ ಹೊರಡಿಸಿದ. ಏಷ್ಯಾ ಖಂಡದಲ್ಲೇ ಅಂಟಿಸುವ ಮೊದಲ ಅಂಚೆಚೀಟಿ ಅದು: ಸಿಂಧ್ ಡಾಕ್. ಗುಂಡನೆಯ ಆಕಾರ, ಸುತ್ತ ಬೆಲ್ಟಿನಂಥ ಪಟ್ಟಿಯಲ್ಲಿ ‘ಸಿಂಧ್ ಡಿಸ್ಟ್ರಿಕ್ಟ್ ಡಾಕ್’ ಎಂಬ ಬರಹ, ನಡುವೆ ಈಸ್ಟ್ ಇಂಡಿಯಾ ಕಂಪನಿಯ ಹೃದಯದಾಕಾರದ ವ್ಯಾಪಾರಿ ಗುರುತು. ಕಂಪನಿಯ ತಾಮ್ರದ ನಾಣ್ಯ ನೋಡಿದವರಿಗೆ ಈ ಹೃದಯ ಪರಿಚಿತ.

ಈ ಚೀಟಿಯ ಮೂರು ಬಗೆಗಳಲ್ಲಿ ಎರಡು ಕಾಗದದವು: ಬಿಳಿಯ ಮೇಲೆ ಬಣ್ಣವಿಲ್ಲದ ಉಬ್ಬಚ್ಚು ಒಂದು, ನೀಲಿ ಇನ್ನೊಂದು. ಬಿಳಿಯದು ಮಂದ ಬೆಳಕಿನಲ್ಲಿ ಕಣ್ಣಿಗೇ ಬೀಳುತ್ತಿರಲಿಲ್ಲ. ಮೂರನೆಯದು ಕೆಂಪು. ಅದು ಅರಗಿನ ತೆಳು ಬಿಲ್ಲೆ. ಅಂದರೆ ಪತ್ರವನ್ನು ಭದ್ರಮಾಡುವ ಮೊಹರಿನ ವಸ್ತುವೇ ಹಣ ಪಾವತಿಯಾಯಿತೆಂದು ತೋರಿಸುವ ಚೀಟಿಯಾಗಿ ಮಾರಾಟವಾಯಿತು. ಆದರೆ ತೆಳುವಾದ ಅರಗು ಬಾಗುವುದಿಲ್ಲ, ಒಡೆಯುತ್ತದೆ. ಒಂಟೆಯ ಬೆನ್ನಿನ ಚೀಲದಲ್ಲಿ ಉಜ್ಜಾಡಿ, ಪತ್ರ ಬಿಚ್ಚುವಾಗ ಮುರಿದು ಹೆಚ್ಚಿನವು ಪುಡಿಯಾದವು. 1854ರ ಅಕ್ಟೋಬರ್ 1ರಂದು ಇಡೀ ಬ್ರಿಟಿಷ್ ಇಂಡಿಯಾಕ್ಕೆ ಒಂದೇ ಬಗೆಯ ಅಂಚೆಚೀಟಿ ಬಂದಾಗ ಸಿಂಧ್ ಡಾಕ್ ಕೊನೆಗೊಂಡಿತು. ಇಂದು ಉಳಿದಿರುವ ಕೆಂಪು ಸಿಂಧ್ ಡಾಕ್‌ಗಳಲ್ಲಿ ಬಿರುಕಿಲ್ಲದ್ದು ಸಿಕ್ಕುವುದು ತೀರಾ ಅಪರೂಪ. 1952ರಲ್ಲಿ ಪಾಕಿಸ್ತಾನ ಇದರ ಶತಮಾನೋತ್ಸವಕ್ಕೆ ಅಂಚೆಚೀಟಿ ಹೊರಡಿಸಿತು.

ಅಪರೂಪವಾದದ್ದಕ್ಕೆ ನಕಲಿ ಹುಟ್ಟದೆ ಇರುತ್ತದೆಯೇ? ಸಿಂಧ್ ಡಾಕ್‌ನ ನಕಲಿಗಳು ಬೇಕಾದಷ್ಟಿವೆ. ಒಂಟಿ ಬಿಲ್ಲೆಯೊಂದನ್ನು ಕೈಗಿತ್ತು ಇದು ಅಸಲೇ ಎಂದರೆ ಪರಿಣತರೂ ತಡವರಿಸುತ್ತಾರೆ. ಅದೇ ಬಿಲ್ಲೆ ಪತ್ರದ ಮೇಲಿದ್ದರೆ ಪ್ರಶ್ನೆ ಕೇಳಲು ಜಾಗ ಸಿಗುತ್ತದೆ. ಪತ್ರದ ತಾರೀಖು 1852ರ ಜುಲೈ ಮತ್ತು 1854ರ ಸೆಪ್ಟೆಂಬರ್ ನಡುವಿನದೇ? ಕರಾಚಿ, ಹೈದರಾಬಾದ್, ಸಕ್ಕರ್‌ನಂಥ ಸಿಂಧ್‌ನ ಊರುಗಳ ನಡುವೆ ಓಡಾಡಿದ್ದೇ? ಠಸ್ಸೆಯ ಮಸಿ ಬಿಲ್ಲೆಯಿಂದ ಕಾಗದಕ್ಕೆ ಹರಿದಿದೆಯೇ, ಇಲ್ಲ ಬಿಲ್ಲೆಯ ಅಂಚಿಗೆ ಬಂದು ನಿಂತುಬಿಟ್ಟಿದೆಯೇ? ಒಂದಕ್ಕೆ ಸುಳ್ಳು ಉತ್ತರ ತಯಾರಿಸಬಹುದು. ಎಲ್ಲಕ್ಕೂ ಹೊಂದುವ ಸುಳ್ಳನ್ನು ಕಟ್ಟುವುದು ಬಹಳ ಕಷ್ಟ.

ಸಾಮಾನ್ಯ ಪತ್ರದ ಮೊಹರಿಗೂ ಇದೇ ಪರೀಕ್ಷೆ. ಭೂತಗನ್ನಡಿಯಲ್ಲಿ ಮೊದಲು ನೋಡಬೇಕಾದ್ದು ಮೊಹರಿನ ಚಿತ್ರವನ್ನಲ್ಲ, ಅದರ ಅಂಚನ್ನು. ಕುದಿಯುವ ಅರಗು ಕಾಗದಕ್ಕೆ ಬಿದ್ದಾಗ ನಾರಿನೊಳಗೆ ಇಳಿಯುತ್ತದೆ. ಅದರಲ್ಲಿದ್ದ ರಾಳದ ಎಣ್ಣೆಯಂಶ ವರ್ಷಗಳುದ್ದಕ್ಕೂ ನಿಧಾನವಾಗಿ ಕಾಗದಕ್ಕೆ ಒಸರಿ ಸುತ್ತ ತೆಳು ಕಂದು ವಲಯವನ್ನು ಬಿಡುತ್ತದೆ. ಹಾಳೆ ತಿರುಗಿಸಿದರೆ ಆ ಕಲೆ ಹಿಂಬದಿಯಲ್ಲೂ ಕಾಣುತ್ತದೆ. ಮೇಣದಬತ್ತಿಯ ಜ್ವಾಲೆಗೆ ಹಿಡಿದು ಕರಗಿಸಿದ ಕಡ್ಡಿಯಾದರೆ ಒಳಗೆ ಮಸಿಯ ಕಪ್ಪು ಎಳೆಗಳು ಸಿಕ್ಕಿಕೊಂಡಿರುತ್ತವೆ. ಹಳೆ ಪತ್ರಕ್ಕೆ ಹೋದ ವರ್ಷ ಹಾಕಿದ ಅರಗು ಕಾಗದದ ಕೊಳೆಯ ಮೇಲೆ ಕೂತಿರುತ್ತದೆ. ಅಂದೇ ಹಾಕಿದ ಅರಗಿನ ಕೆಳಗಿನ ಕಾಗದ ಅಷ್ಟೂ ಕಾಲ ಮುಚ್ಚಿಕೊಂಡಿರುವುದರಿಂದ, ಅರಗು ಚಕ್ಕೆಯೆದ್ದ ಕಡೆ ಸುತ್ತಲಿಗಿಂತ ಬೆಳ್ಳಗಿರುತ್ತದೆ. ಹಳೆ ಬಿರುಕಿನೊಳಗೆ ಧೂಳು ತುಂಬಿರುತ್ತದೆ. ಹೊಸ ಬಿರುಕು ಒಳಗೆ ಹೊಳೆಯುತ್ತದೆ.

ಪತ್ರ ಬಿಚ್ಚಿದ್ದು ಹೇಗೆ ಎಂಬುದೂ ಮುಖ್ಯ. ಮುಚ್ಚಿದ ಪತ್ರವನ್ನು ತೆರೆದವರು ಮೊಹರು ಮುರಿದಿರಬೇಕು, ಅಥವಾ ಅದರ ಸುತ್ತ ಕಾಗದ ಹರಿದಿರಬೇಕು. ಎರಡನೆಯದೇ ಹೆಚ್ಚು ಸಾಮಾನ್ಯ: ಒಂದು ಮಡಿಕೆಯಲ್ಲಿ ಮೊಹರು ಇಡಿಯಾಗಿ ಉಳಿದು, ಅದಕ್ಕೆ ಎದುರು ಮಡಿಕೆಯ ಕಾಗದದ ಚೂರು ಕಚ್ಚಿಕೊಂಡಿರುತ್ತದೆ. ಆ ಎದುರು ಮಡಿಕೆಯಲ್ಲಿ ಅಷ್ಟೇ ಅಳತೆಯ ತೂತು. ಚೂರಿನ ಅಂಚು ಮತ್ತು ತೂತಿನ ಅಂಚು ಒಂದಕ್ಕೊಂದು ಕೂಡಿದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಇನ್ನೊಂದಿಲ್ಲ. ತೂತಾದ ಪತ್ರ ‘ಡ್ಯಾಮೇಜ್’ ಎಂದು ಬದಿಗಿಟ್ಟು ತೂತಿಲ್ಲದ್ದಕ್ಕೆ ಹೆಚ್ಚು ಹಣ ಕೊಡುವ ಸಂಗ್ರಾಹಕರಿದ್ದಾರೆ. ಅವರ ಆಯ್ಕೆ ನನಗೆ ಒಪ್ಪಿಗೆಯಿಲ್ಲ. ಆ ತೂತೇ ಪತ್ರ ತಲುಪಿತು, ಯಾರೋ ಆತುರದಿಂದ ಒಡೆದು ಓದಿದರು ಎನ್ನುವುದರ ಗುರುತು.

ಉಷ್ಣ ದೇಶಗಳ ಪತ್ರಗಳಿಗೆ ಇನ್ನೊಂದು ವಿಶೇಷವಿದೆ. ವಿಕ್ಟೋರಿಯಾ ಕಾಲದ ಬ್ರಿಟಿಷ್ ಅಂಚೆ ಮಾರ್ಗದರ್ಶಿಗಳಲ್ಲಿ ಜನರಿಗೊಂದು ಎಚ್ಚರಿಕೆ ಅಚ್ಚಾಗುತ್ತಿತ್ತು: ಈಸ್ಟ್ ಇಂಡೀಸ್, ವೆಸ್ಟ್ ಇಂಡೀಸ್ ಮೊದಲಾದ ಬಿಸಿಲ ನಾಡುಗಳಿಗೆ ಹೋಗಿಬರುವ ಪತ್ರಗಳಿಗೆ ಅರಗು ಹಾಕಬೇಡಿ, ಅದು ಕರಗಿ ನಿಮ್ಮ ಪತ್ರವಷ್ಟೇ ಅಲ್ಲ ಪಕ್ಕದವರ ಪತ್ರವೂ ಹಾಳಾಗುತ್ತಿದೆ, ಹಿಟ್ಟಿನ ಬಿಲ್ಲೆ ಇಲ್ಲವೇ ಗೋಂದು ಬಳಸಿ. ಜನ ಇದನ್ನು ಪೂರ್ತಿ ಕೇಳಲಿಲ್ಲವೆಂಬುದಕ್ಕೆ ಪತ್ರಗಳೇ ಸಾಕ್ಷಿ. ಚೀಲದಲ್ಲಿ ಒಂದರ ಮೇಲೊಂದು ಒತ್ತಿ ಹಡಗಿನ ಸೆಖೆಯಲ್ಲಿ ಬೆಂದ ಮೊಹರು ಚಪ್ಪಟೆಯಾಗಿರುತ್ತದೆ, ಅಕ್ಷರಗಳು ಮಾಸಿರುತ್ತವೆ, ಮೇಲೆ ಬೇರೊಂದು ಪತ್ರದ ಕಾಗದದ ನಾರು ಅಂಟಿರುತ್ತದೆ. ರಾಳ ಹೆಚ್ಚಿರುವ ಅಗ್ಗದ ಅರಗಿಗಂತೂ ಈ ಗತಿ ಬೇಗ. ಕೆಂಪು ಸಮುದ್ರ ದಾಟಿ ಬಂದ ಪತ್ರದ ಮೇಲೆ ನಿನ್ನೆ ಒತ್ತಿದ ಹಾಗೆ ಚೂಪಾದ, ಹೊಳೆಯುವ ಮೊಹರಿದ್ದರೆ ಅದೊಂದರಿಂದಲೇ ನಕಲಿ ಎನ್ನಲಾಗದು. ಉಳಿದುದನ್ನೆಲ್ಲ ಇನ್ನಷ್ಟು ಕಟ್ಟುನಿಟ್ಟಾಗಿ ನೋಡಬೇಕು ಎನ್ನಬಹುದು.

ಅದೇ ದಾರಿಯಲ್ಲಿ ಮಾಲ್ಟಾ ಸಿಗುತ್ತದೆ. 1800ರಿಂದ ಬ್ರಿಟಿಷರ ಕೈಯಲ್ಲಿದ್ದ ಈ ದ್ವೀಪದಲ್ಲಿ ಪ್ಲೇಗಿನ ಭಯಕ್ಕೆ ಪೂರ್ವದಿಂದ ಬಂದ ಪತ್ರಗಳನ್ನು ಶುದ್ಧಿ ಮಾಡುತ್ತಿದ್ದರು: ಉಳಿಯಿಂದ ಸೀಳು ಹಾಕಿ ಒಳಕ್ಕೆ ಗಂಧಕದ ಹೊಗೆ ಹೋಗುವಂತೆ ಮಾಡುವುದು, ಕೆಲವೊಮ್ಮೆ ಪತ್ರವನ್ನೇ ತೆರೆದು ಹೊಗೆ ಹಾಕಿ ಮತ್ತೆ ಆರೋಗ್ಯ ಕಚೇರಿಯ ಅರಗು ಒತ್ತುವುದು. ಒಂದೇ ಪತ್ರದ ಮೇಲೆ ಕಳಿಸಿದವರ ಮೊಹರು, ಅಧಿಕಾರಿಯ ಮೊಹರು ಎರಡೂ ಇರುವುದು ಹೀಗೆ. ಇಲ್ಲಿ ಸೀಳುಗಳ ಕ್ರಮ ಓದಬೇಕು. ಸೀಳು ಮೊದಲ ಮೊಹರನ್ನು ಕೊಯ್ದು ಹೋಗಿದ್ದರೆ ಅರಗು ಮೊದಲಿನದು. ಅರಗು ಸೀಳಿನೊಳಗೆ ಇಳಿದು ತುಂಬಿದ್ದರೆ ಶುದ್ಧಿಯ ನಂತರದ್ದು.

ಮೊಹರಿನ ಚಿತ್ರಕ್ಕೆ ಬಂದರೆ, ಲಾಂಛನ ಗೊತ್ತಿದ್ದವರಿಗೆ ಅದೊಂದು ಪಂಚಾಂಗ. ಬ್ರಿಟಿಷ್ ರಾಜಲಾಂಛನದಿಂದ ಫ್ರಾನ್ಸಿನ ಲಿಲಿ ಹೂಗಳು ಹೋದದ್ದು 1801ರಲ್ಲಿ. ಆಗ ನಡುವೆ ಸೇರಿದ ಹ್ಯಾನೋವರ್‌ನ ಚಿಕ್ಕ ಗುರಾಣಿಗೆ 1816ರವರೆಗೆ ಟೋಪಿ, ಆಮೇಲೆ ಕಿರೀಟ. 1837ರಲ್ಲಿ ವಿಕ್ಟೋರಿಯಾ ಪಟ್ಟಕ್ಕೆ ಬಂದಾಗ ಆ ಗುರಾಣಿಯೇ ಹೋಯಿತು. 1820ರ ಪತ್ರದ ಮೇಲೆ ಲಿಲಿ ಹೂಗಳೂ ಆ ಗುರಾಣಿಯೂ ಇಲ್ಲದ ರಾಜಲಾಂಛನ ಕಂಡರೆ ಮುಂದೆ ನೋಡುವುದೇ ಬೇಡ. ಆದರೆ ಇದು ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ದೂರದ ಕಚೇರಿಗಳು ಹಿತ್ತಾಳೆಯ ಹಳೆ ಅಚ್ಚನ್ನು ವರ್ಷಗಟ್ಟಲೆ ಬಳಸುತ್ತಿದ್ದವು. 1858ರಲ್ಲಿ ಕಂಪನಿಯ ಆಳ್ವಿಕೆ ಮುಗಿದ ಮೇಲೂ ಎಲ್ಲ ಅಚ್ಚುಗಳು ಅಂದೇ ಮೂಲೆ ಸೇರಿದವೆಂದು ಎಣಿಸಬೇಕಿಲ್ಲ. ದೇಶೀ ಅಧಿಕಾರಿಗಳ, ನವಾಬರ ಪರ್ಷಿಯನ್ ಮೊಹರುಗಳಲ್ಲಿ ಹಿಜರಿ ವರ್ಷ ಕೆತ್ತಿರುತ್ತದೆ. ಅದು ಅಚ್ಚು ಮಾಡಿಸಿದ ವರ್ಷ, ಪತ್ರ ಬರೆದ ವರ್ಷವಲ್ಲ. ಎರಡರ ನಡುವೆ ಹಲವು ವರ್ಷಗಳ ಅಂತರವಿದ್ದರೆ ಗಾಬರಿ ಬೇಡ. ಅಚ್ಚಿನ ವರ್ಷ ಪತ್ರಕ್ಕಿಂತ ಮುಂದಿದ್ದರೆ ಮಾತ್ರ ಗಾಬರಿ.

ಅತ್ಯಂತ ಅಪಾಯದ ನಕಲಿ ಯಾವುದೆಂದರೆ ಅಸಲು ಅಚ್ಚಿನಿಂದಲೇ ಒತ್ತಿದ್ದು. ಹಳೆಯ ಹಿತ್ತಾಳೆಯ ಅಚ್ಚುಗಳು ಪುರಾತನ ವಸ್ತುಗಳ ಅಂಗಡಿಗಳಲ್ಲಿ ಸಿಗುತ್ತವೆ. ಮೊಹರಿಲ್ಲದ ಹಳೆ ಪತ್ರ, ಅಸಲಿ ಅಚ್ಚು, ಹೊಸ ಅರಗು: ಮೂರು ಸೇರಿದರೆ ಚಿತ್ರದಲ್ಲಿ ತಪ್ಪು ಹುಡುಕಲು ಏನೂ ಉಳಿಯುವುದಿಲ್ಲ. ಸಿಲಿಕೋನ್ ಅಚ್ಚಿನಲ್ಲಿ ಎರಕ ಹೊಯ್ದ ನಕಲಿಯನ್ನು ಹಿಡಿಯುವುದು ಇದಕ್ಕಿಂತ ಸುಲಭ. ಅಕ್ಷರಗಳ ಮೂಲೆಗಳು ಮೊಂಡಾಗಿ, ಅಲ್ಲಲ್ಲಿ ಗಾಳಿಗುಳ್ಳೆಯ ಗುಳಿಗಳಿರುತ್ತವೆ.

ಅಸಲು ಅಚ್ಚಿನ ನಕಲಿಯ ಮುಂದೆ ನೆರವಿಗೆ ಬರುವುದು ಅರಗಿನ ಪಾಕ. ಕತ್ತಲೆಯಲ್ಲಿ ನೇರಳಾತೀತ ದೀಪ ಹಿಡಿದರೆ ನಿಜವಾದ ಅರಗು ಸಾಮಾನ್ಯವಾಗಿ ಕಿತ್ತಳೆ ಛಾಯೆಯಲ್ಲಿ ಹೊಳೆಯುತ್ತದೆ, ಆದರೆ ಬಣ್ಣ ದಟ್ಟವಾಗಿದ್ದರೆ ಈ ಹೊಳಪು ಮಸುಕಾಗುತ್ತದೆ. ಅದೇ ದೀಪಕ್ಕೆ ಕಾಗದವೇ ನೀಲಿಬಿಳುಪಾಗಿ ಬೆಳಗಿತೋ, ಅದರಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕವಿದೆ; ಕಾಗದಕ್ಕೆ ಅದನ್ನು ಬೆರೆಸತೊಡಗಿದ್ದು 1950ರ ಆಸುಪಾಸಿನಲ್ಲಿ. ಇನ್ನೂ ಮುಂದೆ ಹೋಗಬೇಕಾದರೆ ಎಕ್ಸ್-ರೇ ಫ್ಲೋರೆಸೆನ್ಸ್ ಯಂತ್ರವಿದೆ, ಮೊಹರನ್ನು ಕೆರೆಯದೆ ಅದರಲ್ಲಿರುವ ಧಾತುಗಳನ್ನು ಹೇಳುತ್ತದೆ. ಪಾದರಸ ಸಿಕ್ಕರೆ ಇಂಗಳೀಕ, ಸೀಸ ಸಿಕ್ಕರೆ ಸಿಂಧೂರ. ಬಣ್ಣದಲ್ಲಿ ಟೈಟಾನಿಯಂ ಬಿಳಿ ಸೇರಿದೆಯೆಂದಾದರೆ ಆ ಅರಗು 19ನೇ ಶತಮಾನದ್ದಲ್ಲ. ಆ ಬಿಳಿ ಮಾರುಕಟ್ಟೆಗೆ ಬಂದದ್ದೇ ಮೊದಲ ಮಹಾಯುದ್ಧದ ಕಾಲದ ಸುಮಾರಿಗೆ. ಇಂಥ ಪರೀಕ್ಷೆಗೆ ಖರ್ಚಿದೆ, ಎಲ್ಲ ಪತ್ರಕ್ಕೂ ಮಾಡಿಸಲಾಗದು. ದೊಡ್ಡ ಬೆಲೆಯ ಪತ್ರಕ್ಕೆ ಮಾಡಿಸದಿರುವುದೂ ಸರಿಯಲ್ಲ. ಮನೆಯಲ್ಲಿ ಸೂಜಿಯಿಂದ ಕೆರೆದು, ಬೆಂಕಿಗೆ ಹಿಡಿದು, ಸ್ಪಿರಿಟ್ ಹಚ್ಚಿ ನೋಡುವ ಪ್ರಯೋಗಗಳನ್ನು ದಯವಿಟ್ಟು ಮಾಡಬೇಡಿ. ಸ್ಪಿರಿಟ್‌ನಲ್ಲಿ ಅರಗು ಕರಗುತ್ತದೆ, ಇಂಗಳೀಕ ಕಾದರೆ ಪಾದರಸದ ವಿಷದ ಆವಿ ಏಳುತ್ತದೆ.

ಕೊಳ್ಳುವ ಮೊದಲು ಕಾನೂನನ್ನೂ ಗಮನಿಸಬೇಕು. 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ 75 ವರ್ಷ ದಾಟಿದ, ಚರಿತ್ರೆಯ ಮೌಲ್ಯವಿರುವ ಹಸ್ತಪ್ರತಿ, ದಾಖಲೆಗಳು ಪ್ರಾಚೀನ ವಸ್ತುಗಳೇ. ಅವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ವಿದೇಶದ ಗೆಳೆಯನಿಗೆ ಅಂಚೆಯಲ್ಲಿ ಕಳಿಸಿ ಅದಲುಬದಲು ಮಾಡಿಕೊಳ್ಳುವ ಹಳೆ ರೂಢಿ ಇಲ್ಲಿ ನಡೆಯುವುದಿಲ್ಲ. ಮೊಹರಿನ ಪಕ್ಕದಲ್ಲಿ ಕಡತದ ಸಂಖ್ಯೆ, ಕಚೇರಿಯ ದಾಖಲಾತಿ ಗುರುತು ಕಂಡರೆ ಆ ಪತ್ರ ಯಾವುದೋ ಸರ್ಕಾರಿ ದಾಖಲೆ ಕೊಠಡಿಯಿಂದ ಜಾರಿ ಬಂದಿರಬಹುದು. ಅದು ಎಲ್ಲಿಂದ ಬಂತೆಂದು ಮಾರುವವರು ಲಿಖಿತವಾಗಿ ಹೇಳದಿದ್ದರೆ ಕೊಳ್ಳದಿರುವುದೇ ಸರಿ. ಎಷ್ಟು ಚೆಂದದ ಮೊಹರಾದರೂ ಅಷ್ಟೇ.

ಆದರೆ ಹೆಚ್ಚಿನ ಮೊಹರುಗಳು ಇರುವುದು ಅಂಗಡಿಗಳಲ್ಲಲ್ಲ, ಮನೆಗಳ ಪೆಟ್ಟಿಗೆಗಳಲ್ಲಿ. ಶಾನುಭೋಗರ ಮನೆತನಗಳಲ್ಲಿ, ಕರಾವಳಿಯ ವ್ಯಾಪಾರಿ ಕುಟುಂಬಗಳಲ್ಲಿ ದಾರ ಕಟ್ಟಿದ ಕಾಗದದ ಕಟ್ಟುಗಳು ಇನ್ನೂ ಇವೆ. ಅಂಥದ್ದು ಕೈಗೆ ಬಂದರೆ ದಾರ ಬಿಚ್ಚುವ ಮುನ್ನವೇ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಯಾವ ಪತ್ರದ ಮೇಲೆ ಯಾವುದಿತ್ತು ಎಂಬ ಕ್ರಮವನ್ನು ಬರೆದಿಡಿ, ಏಕೆಂದರೆ ಬಹಳ ಕಾಲ ಒತ್ತಿಕೊಂಡಿದ್ದ ಮೊಹರು ಪಕ್ಕದ ಪತ್ರದ ಬೆನ್ನ ಮೇಲೆ ತನ್ನ ಗುಂಡನೆಯ ತಗ್ಗನ್ನೂ ಎಣ್ಣೆಯ ಕಲೆಯನ್ನೂ ಬಿಟ್ಟಿರುತ್ತದೆ. ಅಂಟಿಕೊಂಡ ಪತ್ರಗಳನ್ನು ಎಳೆಯಬೇಡಿ, ಇಸ್ತ್ರಿಪೆಟ್ಟಿಗೆಯ ಹತ್ತಿರಕ್ಕೂ ಒಯ್ಯಬೇಡಿ. ಬಿಗಿಯಾದ ಪ್ಲಾಸ್ಟಿಕ್ ಆಲ್ಬಮ್ಮಿನ ಒತ್ತಡಕ್ಕೆ ಹಳೆ ಅರಗು ಒಡೆಯುತ್ತದೆ. ಆಮ್ಲವಿಲ್ಲದ ದಪ್ಪ ರಟ್ಟಿನಲ್ಲಿ ಮೊಹರಿನ ಗಾತ್ರಕ್ಕೆ ತೂತು ಕೊರೆದು, ಮೊಹರು ಅದರೊಳಗೆ ಕೂರುವಂತೆ ಪತ್ರವನ್ನು ಮಲಗಿಸಿ, ತಂಪಾದ ಕಪಾಟಿನಲ್ಲಿ ಒಂದರ ಮೇಲೊಂದು ಪೇರಿಸದೆ ಇಡಬೇಕು. ಚೂರುಗಳು ಉದುರಿದ್ದರೆ ಅವನ್ನು ಗೋಂದು ಹಾಕಿ ಜೋಡಿಸಲು ಹೋಗದೆ, ಚಿಕ್ಕ ಕಾಗದದ ಪೊಟ್ಟಣದಲ್ಲಿ ಹಾಕಿ ಅದೇ ಪತ್ರದ ಜೊತೆಗಿಡಿ.